ಕೇಜಿನಲ್ಲಿ ಇಳಿದು ಹೋಗುವವಳು

“ಮಿಸ್, ಸ್ಟ್ರಾಂಗ್ ಆಗಿರ್ಬೇಕು ಅಂದ್ರೆ ಅವಳಿಗೆ ಯಾರೂ ಇರಬಾರದು. ಯಾರಾದ್ರೂ ಇದ್ರೆ ವಿಲನ್ನು ಅವರನ್ನ ಹಿಡ್ಕೊಂಡು ಇವಳನ್ನ ಬಗ್ಗಿಸ್ತಾನೆ.”

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹೋದ ಡಿಸೆಂಬರಿನಲ್ಲಿ ಹೇಳಿದ ಮಾತಿದು. ನಾನು ಬಂಗಾರಪೇಟೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಪರೀಕ್ಷೆಯ ಗೊಡವೆಯಿಲ್ಲದ ಕೆಲಸಗಳಿಗೆ ಅಂತ ಶನಿವಾರದ ಕೊನೆಯ ಪೀರಿಯಡ್ಡನ್ನು ಉಳಿಸಿಕೊಂಡಿರುತ್ತೇನೆ. ಆ ಶನಿವಾರ ಮಕ್ಕಳಿಗೆ ಕೊಟ್ಟಿದ್ದು ಇಷ್ಟು: ನೂರು ವರ್ಷ ಆದಮೇಲೆ ನಮ್ಮ ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿಯ ಊರು, ಹೇಗಿರುತ್ತದೆ ಅಂತ ಊಹಿಸಿ ಒಂದು ಕಥೆ ಬರೆಯಿರಿ. ನಾಯಕಿ ಹುಡುಗಿಯೇ ಆಗಿರಬೇಕು, ಗಟ್ಟಿಗಿತ್ತಿಯಾಗಿರಬೇಕು.

ಈ ಹುಡುಗಿ ಬರೆದದ್ದು ಎಲ್ಲರಿಗಿಂತ ಚೆನ್ನಾಗಿತ್ತು. ಚಿನ್ನ ತೆಗೆದು ಬಿಟ್ಟ ಮಣ್ಣಿನ ಸೈನೈಡ್ ದಿಬ್ಬಗಳ ಅಡಿಯಲ್ಲಿ ಒಂದು ಕೋಟೆ, ನೀರು ತುಂಬಿದ ಹಳೆಯ ಸುರಂಗಗಳಲ್ಲಿ ಈಜುವ ಯಂತ್ರಗಳು. ಆದರೆ ನಾಯಕಿಗೆ ಹೆಸರಿಲ್ಲ, ನಂಬರಿದೆ. ಅಪ್ಪ ಅಮ್ಮ ಇಲ್ಲ, ತಂಗಿಯಿಲ್ಲ, ಗೆಳತಿಯಿಲ್ಲ. ಕಣ್ಣೀರು ಬರದ ಹಾಗೆ ಕಣ್ಣಿಗೆ ಆಪರೇಷನ್ ಆಗಿದೆ. ಯಾಕಮ್ಮ ಹೀಗೆ ಅಂತ ಕೇಳಿದ್ದಕ್ಕೆ ಬಂದ ಉತ್ತರವೇ ಮೇಲಿನ ಮಾತು.

ಆ ಹುಡುಗಿಯ ತಾಯಿಯನ್ನು ನಾನು ಬಲ್ಲೆ. ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂನಿಂದ ಹೊರಟು ಬರುವ ಗಾಡಿಯನ್ನು ಹತ್ತಿ ವೈಟ್‌ಫೀಲ್ಡಿನಲ್ಲಿ ಇಳಿದು, ಮೂರು ಅಪಾರ್ಟ್‌ಮೆಂಟುಗಳಲ್ಲಿ ಕೆಲಸ ಮುಗಿಸಿ, ರಾತ್ರಿ ವಾಪಸು ಬರುವ ಹೆಂಗಸು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ನಮ್ಮೂರಿನ ಸಾವಿರಾರು ಮನೆಗಳ ಒಲೆ ಉರಿದದ್ದು ಈ ರೈಲಿನಿಂದ. ಹೆಂಗಸರ ಬೋಗಿಯಲ್ಲಿ ಒಮ್ಮೆ ಕೂತು ನೋಡಬೇಕು. ಚಳಿಗಾಲದಲ್ಲಿ ಅವರೆಕಾಯಿ ಸುಲಿಯುತ್ತಾ ಬರುತ್ತಾರೆ. ಮನೆ ಸೇರಿದ ಕೂಡಲೇ ಸಾರಿಗೆ ಹಾಕಬಹುದಲ್ಲ ಅಂತ. ಒಬ್ಬಳಿಗೆ ನಿದ್ದೆ ಹತ್ತಿದರೆ ಪಕ್ಕದವಳು ಅವಳ ಮಡಿಲಿನ ಕಾಯನ್ನೂ ಎಳೆದುಕೊಂಡು ಸುಲಿಯುತ್ತಾಳೆ. ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ, ಯಾರೂ ಲೆಕ್ಕ ಇಡುವುದಿಲ್ಲ. ಇಂಥ ಬೋಗಿಯಲ್ಲಿ ದಿನಾ ಓಡಾಡುವ ತಾಯಿಯ ಮಗಳು, ಯಾರೂ ಇಲ್ಲದವಳೇ ಗಟ್ಟಿಗಿತ್ತಿ ಅಂತ ಬರೆದಳಲ್ಲ ಅನ್ನುವುದು ನನ್ನನ್ನು ವಾರಗಟ್ಟಲೆ ಕೊರೆಯಿತು.

ತಪ್ಪು ಹುಡುಗಿಯದಲ್ಲ. ಅವಳು ನೋಡುವ ಸಿನಿಮಾ, ಆಡುವ ಗೇಮು, ಎಲ್ಲವೂ ಅವಳಿಗೆ ಕಲಿಸಿರುವುದು ಅದನ್ನೇ. ನಮ್ಮ ಊರಿನ ಹೆಸರನ್ನೇ ಇಟ್ಟುಕೊಂಡು 2018ರಲ್ಲಿ ಒಮ್ಮೆ, 2022ರಲ್ಲಿ ಇನ್ನೊಮ್ಮೆ ಬಂದ ಸಿನಿಮಾವನ್ನೇ ತೆಗೆದುಕೊಳ್ಳಿ. ನಮ್ಮ ಸೈನೈಡ್ ದಿಬ್ಬಗಳ ಮೇಲೆಯೇ ಅದನ್ನು ಚಿತ್ರೀಕರಿಸಿದರು. ನಮ್ಮ ಎಷ್ಟೋ ಹುಡುಗರಿಗೆ ಅದರಲ್ಲಿ ಕೂಲಿ ಸಿಕ್ಕಿತು, ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು, ಆ ಸಂತೋಷ ನನಗೂ ಇದೆ. ಅದರಲ್ಲಿ ನಾಯಕನ ಬಲಕ್ಕೆಲ್ಲ ಮೂಲ ಅವನ ಅಮ್ಮ. ಅವಳಿಗೆ ಕೊಟ್ಟ ಮಾತೇ ಅವನನ್ನು ಕೊನೆಯವರೆಗೂ ನಡೆಸುತ್ತದೆ. ಅಂದರೆ ಪ್ರೀತಿಯಲ್ಲಿ ಬಲವಿದೆ ಅನ್ನುವುದನ್ನು ನಮ್ಮ ಸಿನಿಮಾ ಒಪ್ಪಿಕೊಂಡಿದೆ. ಆದರೆ ಪ್ರೀತಿಸಿದ ಹೆಂಗಸು ಬೇಗ ಸಾಯುತ್ತಾಳೆ, ಆ ಬಲವೆಲ್ಲ ಮಗನ ಕೈಗೆ ಬರುತ್ತದೆ. ಅವಳ ಪ್ರೀತಿಯಿಂದ ಅವಳೇ ಏನಾದರೂ ಮಾಡಿದಳೇ? ಇಲ್ಲ. ನಮ್ಮ ಕಥೆಗಳಲ್ಲಿ ಹೆಣ್ಣಿನ ಪ್ರೀತಿ ಯಾವಾಗಲೂ ಇನ್ನೊಬ್ಬರ ತೋಳಿಗೆ ಹೋಗಿ ಸೇರುವ ಶಕ್ತಿ. ಹೀಗಿರುವಾಗ ಹುಡುಗಿಯೊಬ್ಬಳು ಶಕ್ತಿ ತನಗೇ ಬೇಕು ಅಂತ ಹೊರಟರೆ, ಮೊದಲು ಪ್ರೀತಿಯನ್ನು ಕಿತ್ತು ಹಾಕಬೇಕು ಅಂದುಕೊಳ್ಳುವುದು ಸಹಜವೇ.

ನನಗೆ ವೈಜ್ಞಾನಿಕ ಕಥೆಗಳು ಇಷ್ಟವಾಗುವುದು ಇಲ್ಲೇ. ಅವುಗಳಲ್ಲಿ ಒಳ್ಳೆಯವು ಈ ಲೆಕ್ಕವನ್ನು ತಿದ್ದಿವೆ. ಪ್ರೀತಿಸುವವಳ ಕೈಗೇ ಅದರ ಬಲವನ್ನು ವಾಪಸು ಕೊಟ್ಟಿವೆ.

1979ರಲ್ಲಿ ‘ಏಲಿಯನ್’ ಅಂತ ಒಂದು ಸಿನಿಮಾ ಬಂತು. ಅದರ ಬಾಹ್ಯಾಕಾಶ ನೌಕೆ ಎಳೆದುಕೊಂಡು ಹೊರಟಿರುವುದು ಎರಡು ಕೋಟಿ ಟನ್ ಅದಿರನ್ನು. ಒಳಗಿರುವವರು ಸಂಬಳದ ಕೆಲಸಗಾರರು, ಬೋನಸ್ಸಿನ ಬಗ್ಗೆ ಜಗಳವಾಡುವವರು. ಅವರ ಕಂಪನಿಗೆ ಅವರ ಜೀವಕ್ಕಿಂತ ತಾನು ತರಿಸಿಕೊಳ್ಳಬೇಕಾದ ಸರಕು ಮುಖ್ಯ. ಗಣಿ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ ಹುಟ್ಟಿ ಬೆಳೆದ ನನಗೆ ಅದು ದೂರದ ಕಥೆ ಅನ್ನಿಸಲೇ ಇಲ್ಲ. ಆ ನೌಕೆಯಿಂದ ಬದುಕಿ ಬರುವವಳು ರಿಪ್ಲಿ. 1986ರ ಎರಡನೇ ಭಾಗದಲ್ಲಿ ಅವಳು ಐವತ್ತೇಳು ವರ್ಷ ನಿದ್ದೆಯಲ್ಲಿ ತೇಲಿ ಎಚ್ಚರಾಗುತ್ತಾಳೆ. ಆ ಹೊತ್ತಿಗೆ ಅವಳ ಮಗಳು ಮುದುಕಿಯಾಗಿ ತೀರಿಹೋಗಿರುತ್ತಾಳೆ. ಇದು ಆ ಚಿತ್ರದ ಉದ್ದದ ಆವೃತ್ತಿಯಲ್ಲಿದೆ. ಆಮೇಲೆ ದೂರದ ಗ್ರಹವೊಂದರಲ್ಲಿ ನ್ಯೂಟ್ ಅನ್ನುವ ಪುಟ್ಟ ಹುಡುಗಿ ಅವಳಿಗೆ ಸಿಗುತ್ತಾಳೆ, ಮತ್ತೆ ಕೈತಪ್ಪಿ ರಾಕ್ಷಸ ಪ್ರಾಣಿಗಳ ಗೂಡಿಗೆ ಸೇರುತ್ತಾಳೆ. ಇಡೀ ಸ್ಥಾವರ ಸಿಡಿಯಲು ಕೆಲವೇ ನಿಮಿಷ ಬಾಕಿ. ರಿಪ್ಲಿ ಒಬ್ಬಳೇ ಲಿಫ್ಟಿನಲ್ಲಿ ಕೆಳಗಿಳಿಯುತ್ತಾಳೆ.

ಆ ಲಿಫ್ಟಿನ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಅವಳು ಅಳುವುದಿಲ್ಲ, ಕೂಗುವುದಿಲ್ಲ. ಬಂದೂಕಿಗೆ ಬೆಂಕಿ ಉಗುಳುವ ಯಂತ್ರವನ್ನು ಮೊದಲೇ ಟೇಪಿನಿಂದ ಸುತ್ತಿ ಬಿಗಿದಿದ್ದಾಳೆ, ಇಳಿಯುತ್ತಾ ಇಳಿಯುತ್ತಾ ಅದನ್ನು ಸಜ್ಜು ಮಾಡಿಕೊಳ್ಳುತ್ತಾಳೆ, ಗುಂಡುಗಳನ್ನು ನೋಡಿಕೊಳ್ಳುತ್ತಾಳೆ. ಬೆವರು ಇಳಿಯುತ್ತಿದೆ, ಕೈ ಮಾತ್ರ ತನ್ನ ಕೆಲಸ ತಾನು ಮಾಡುತ್ತಿದೆ. ಕೊನೆಗೆ ಅವಳು ಗೆಲ್ಲುವುದು ಸರಕು ಎತ್ತುವ ಲೋಡರ್ ಯಂತ್ರದೊಳಗೆ ನಿಂತು. ಹೊಟ್ಟೆಪಾಡಿಗೆ ಕಲಿತ ಕೆಲಸ ಅದು. ಆ ಮಗುವಿನ ಮೇಲಿನ ಅಕ್ಕರೆ ಅವಳಿಗೆ ಮಂತ್ರಶಕ್ತಿಯನ್ನೇನೂ ತಂದುಕೊಡಲಿಲ್ಲ. ಕೈಯಲ್ಲಿದ್ದ ಕಸುಬನ್ನೆಲ್ಲ ಒಂದೇ ಕಡೆಗೆ ತಿರುಗಿಸಿತು.

ಕೆಜಿಎಫ್‌ನ ಹೆಂಗಸರು ರಿಪ್ಲಿಯ ಹಾಗೆ ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಕೆಳಗೆ ಹೋದವರಲ್ಲ. 1952ರ ಗಣಿ ಕಾಯ್ದೆ ಹೆಂಗಸರನ್ನು ಭೂಮಿಯೊಳಗಿನ ಕೆಲಸಕ್ಕೆ ಬಿಡಲಿಲ್ಲ. 2019ರಲ್ಲಿ ಆ ನಿಯಮ ಸಡಿಲವಾಗುವ ಹೊತ್ತಿಗೆ ನಮ್ಮ ಗಣಿ ಮುಚ್ಚಿ ಹದಿನೆಂಟು ವರ್ಷವಾಗಿತ್ತು. ಆದರೆ ನನ್ನ ಅಮ್ಮನಿಗೆ ಕೆಳಗಿನ ಲೋಕ ಬಾಯಿಪಾಠವಿತ್ತು.

ಅಪ್ಪ ಮರದ ದಿಮ್ಮಿ ನಿಲ್ಲಿಸಿ ಸುರಂಗದ ಚಾವಣಿಗೆ ಆಸರೆ ಕೊಡುವ ಕೆಲಸದಲ್ಲಿದ್ದರು. ಪ್ರತಿ ಭಾನುವಾರ ಊಟಕ್ಕೆ ಬಡಿಸುತ್ತಾ ಅಮ್ಮ ಕೇಳುತ್ತಿದ್ದಳು: “ಈ ವಾರ ಯಾವ ಲೆವೆಲ್ಲು? ಕೇಜಿಂದ ಇಳಿದು ಎಷ್ಟು ದೂರ ನಡೀಬೇಕು? ಎಡಕ್ಕಾ, ಬಲಕ್ಕಾ?” ಊಟ ಮುಗಿದ ಮೇಲೆ ರಂಗೋಲಿ ಹಿಟ್ಟನ್ನು ಚಿಟಿಕೆ ತೆಗೆದುಕೊಂಡು ಅಡುಗೆಮನೆಯ ನೆಲದ ಮೇಲೆ ಎಳೆಯುತ್ತಿದ್ದಳು: ಉದ್ದಕ್ಕೊಂದು ಗೆರೆ ಶಾಫ್ಟು, ಅಡ್ಡಕ್ಕೆ ಗೆರೆಗಳು ಲೆವೆಲ್ಲುಗಳು, ಅಪ್ಪ ಇರುವ ಕಡೆ ಒಂದು ಚುಕ್ಕಿ. ನಮ್ಮ ಬಾಗಿಲ ಮುಂದೆ ಅವಳು ಇಟ್ಟ ರಂಗೋಲಿ ಒಂದೂ ನನಗೆ ನೆನಪಿಲ್ಲ. ಈ ಗೆರೆಗಳು ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ.

ಬರ್ಸ್ಟ್ ಅಂದರೆ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಂಡೆಯನ್ನು ಕೊರೆಯುತ್ತಾ ಆಳಕ್ಕೆ ಹೋದ ಹಾಗೆಲ್ಲ ಮೇಲಿನ ಭಾರ ಬಂಡೆಯನ್ನು ಅಮುಕುತ್ತದೆ. ತಡೆಯಲಾಗದ ಒಂದು ಗಳಿಗೆ ಅದು ಒಳಗೊಳಗೇ ಸಿಡಿಯುತ್ತದೆ. ನಮ್ಮ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿತ್ತು, ಅಲ್ಲಿ ಬಂಡೆ ಮುಟ್ಟಿದರೆ ಸುಡುತ್ತಿತ್ತು. ಕೆಳಗೆ ಬರ್ಸ್ಟ್ ಆದರೆ ಮೇಲೆ ನಮ್ಮ ಲೈನಿನ ಮನೆಗಳಲ್ಲಿ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ನನಗೆ ಎಂಟು ವರ್ಷವಿದ್ದಾಗ ಒಂದು ಮಧ್ಯಾಹ್ನ ಹಾಗಾಯಿತು. ಅಮ್ಮ ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದು ನಿಂತಳು. ಕಣ್ಣು ಮುಚ್ಚಿದ್ದಳು. ಆಮೇಲೆ ನನ್ನನ್ನು ಎಳೆದುಕೊಂಡು ಶಾಫ್ಟಿನ ಕಡೆ ಓಡಿದಳು. ಅಲ್ಲಿ ಆಗಲೇ ಲೈನಿನ ಹೆಂಗಸರೆಲ್ಲ ಸೇರಿದ್ದರು. ಅಳು ಜೋರಾಗಿತ್ತು. ಅಮ್ಮ ಗೇಟಿನವರ ಹತ್ತಿರ ಹೋಗಿ ಕೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: “ಆ ಲೆವೆಲ್ಲಿಂದ ಪಕ್ಕದ ಶಾಫ್ಟಿಗೆ ದಾರಿ ಐತಲ್ಲಣ್ಣ, ಆ ಕಡೆ ಕೇಜು ಓಡ್ತಾ ಐತಾ?” ಅವರು ಅವಳನ್ನೇ ನೋಡಿದರು. ಓಡ್ತಾ ಐತಮ್ಮ ಅಂದರು. ಅಮ್ಮ ಪಕ್ಕದ ಶಾಫ್ಟಿಗೆ ನಡೆದಳು. ಅವಳ ಹಿಂದೆ ನಾಲ್ಕೈದು ಹೆಂಗಸರು. ಸಂಜೆ ಅಪ್ಪ ಆ ಕಡೆಯಿಂದಲೇ ಮೇಲೆ ಬಂದರು, ಮೈಯೆಲ್ಲ ಧೂಳು, ಕೈಯಲ್ಲಿ ಇನ್ನೊಬ್ಬರ ಹೆಲ್ಮೆಟ್ಟು. ಅಮ್ಮ ಅಪ್ಪನಿಗೆ ನೀರು ಕೊಟ್ಟಳು. ಆಮೇಲೆ ಆ ಹೆಲ್ಮೆಟ್ಟಿನವರ ಮನೆಗೆ ಹೋಗಿ ಹದಿನಾರು ದಿನ ಅಲ್ಲೇ ಅಡುಗೆ ಮಾಡಿದಳು.

ಅಮ್ಮ ಓದಿದ್ದು ಮೂರನೇ ಕ್ಲಾಸು. ಭೂಗರ್ಭಶಾಸ್ತ್ರ ಅನ್ನುವ ಪದ ಅವಳಿಗೆ ಗೊತ್ತಿರಲಿಲ್ಲ. ಅಪ್ಪನ ಮೇಲಿನ ಪ್ರೀತಿ ಅವಳಿಗೆ ಭೂಮಿಯ ನಕ್ಷೆ ಕಲಿಸಿತ್ತು. ಅಂಗೈಯಿಂದ ಕಂಪನ ಅಳೆಯುವುದನ್ನು ಕಲಿಸಿತ್ತು, ಅಧಿಕಾರದವರ ಎದುರು ಸರಿಯಾದ ಪ್ರಶ್ನೆ ಕೇಳುವುದನ್ನು ಕಲಿಸಿತ್ತು. ಪ್ರೀತಿಸುವವರು ದುರ್ಬಲರು ಅಂತ ಯಾರಾದರೂ ಹೇಳಿದರೆ ನನ್ನ ಕಣ್ಣಿಗೆ ಬರುವುದು ಗೋಡೆಗೆ ಒತ್ತಿದ ಆ ಅಂಗೈ.

ಅದಕ್ಕೇ ಆ ಹುಡುಗಿಗೆ ಮೊದಲು ಓದಲು ಕೊಟ್ಟಿದ್ದು ‘ಹಂಗರ್ ಗೇಮ್ಸ್’. ಸುಝಾನ್ ಕಾಲಿನ್ಸ್ 2008ರಲ್ಲಿ ಬರೆದ ಆ ಕಾದಂಬರಿಯ ಹುಡುಗಿ ಕ್ಯಾಟ್ನಿಸ್ ನಮ್ಮ ಲೈನಿನವಳೇ ಅನ್ನಬಹುದು. ಅವಳದು ಕಲ್ಲಿದ್ದಲ ಗಣಿಯ ಊರು. ಅಪ್ಪ ಗಣಿಯಲ್ಲಿ ಸ್ಫೋಟವಾಗಿ ಸತ್ತಿದ್ದಾನೆ, ಅಮ್ಮ ದುಃಖದಲ್ಲಿ ಮಾತೇ ಬಿಟ್ಟಿದ್ದಾಳೆ. ಹನ್ನೊಂದು ವರ್ಷದ ಹುಡುಗಿ ಬೇಟೆ ಕಲಿತು ಮನೆ ನಡೆಸುತ್ತಾಳೆ. ಹನ್ನೆರಡು ವರ್ಷದ ತಂಗಿಯ ಹೆಸರನ್ನು ಸಾವಿನ ಆಟಕ್ಕೆ ಕರೆದಾಗ ಅವಳ ಬದಲು ತಾನು ಹೋಗುತ್ತೇನೆ ಅಂತ ಮುಂದೆ ಬರುತ್ತಾಳೆ. ನನ್ನ ವಿದ್ಯಾರ್ಥಿನಿ ಭಯಪಟ್ಟ ಹಾಗೆಯೇ ಅಲ್ಲಿನ ದೊರೆಗಳು ಅವಳ ಪ್ರೀತಿಯನ್ನು ಹಿಡಿದು ಅವಳನ್ನು ಬಗ್ಗಿಸಲು ನೋಡುತ್ತಾರೆ. ಅದು ನಿಜ, ಪ್ರೀತಿಸುವವರನ್ನು ನೋಯಿಸುವುದು ಸುಲಭ. ಆದರೆ ಕತ್ತಿ ಹಿಡಿದು ಕೊಲ್ಲಲು ಬಂದ ಎದುರಾಳಿಗಳ ನಡುವೆ ಅವಳು ರೂ ಎಂಬ ಚಿಕ್ಕ ಹುಡುಗಿಯನ್ನು ತಂಗಿಯ ಹಾಗೆ ಕಾಣುತ್ತಾಳೆ, ಅವಳು ಸತ್ತಾಗ ಮೈತುಂಬ ಹೂವು ಮುಚ್ಚುತ್ತಾಳೆ. ಆ ಹೂವು ಒಂದು ಸಾಮ್ರಾಜ್ಯಕ್ಕೆ ಬಿದ್ದ ಮೊದಲ ಪೆಟ್ಟು. ರೂಳ ಊರಿನವರು ಕ್ಯಾಟ್ನಿಸ್‌ಗೆ ರೊಟ್ಟಿ ಕಳಿಸುತ್ತಾರೆ. ಯಾರೂ ಇಲ್ಲದ ಹುಡುಗಿಗೆ ಆ ರೊಟ್ಟಿಯನ್ನು ಯಾರು ಕಳಿಸುತ್ತಿದ್ದರು?

ಇಲ್ಲಿ ನನ್ನ ಸಹೋದ್ಯೋಗಿಯೊಬ್ಬರು ತೆಗೆದ ತಕರಾರನ್ನು ಹೇಳಲೇಬೇಕು. ಅವರು ನನಗಿಂತ ಚಿಕ್ಕವರು, ಕನ್ನಡ ಪಾಠ ಮಾಡುತ್ತಾರೆ. “ಅಕ್ಕ, ಹೆಣ್ಣು ಅಂದರೆ ಪ್ರೀತಿ, ತ್ಯಾಗ, ತಾಯ್ತನ ಅಂತ ಹೇಳಿಯೇ ನಮ್ಮನ್ನು ಇಷ್ಟು ವರ್ಷ ಕಟ್ಟಿಹಾಕಿದ್ದಾರೆ. ರಾಕೆಟ್ಟಿನೊಳಗೂ ಅದೇ ಹಗ್ಗ ಯಾಕೆ?” ಅಂದರು. ಈ ತಕರಾರಿನಲ್ಲಿ ಹುರುಳಿದೆ. 2024ರಲ್ಲಿ ಬಂದ ‘ಕಲ್ಕಿ 2898 ಎಡಿ’ ಸಿನಿಮಾದಲ್ಲಿ ನಮ್ಮ ಬೆಂಗಳೂರಿನ ದೀಪಿಕಾ ಪಡುಕೋಣೆಯ ಪಾತ್ರಕ್ಕೂ ಮೊದಲು ಹೆಸರಿಲ್ಲ, ಒಂದು ನಂಬರಿದೆ. ಗರ್ಭಿಣಿಯಾದ ಅವಳನ್ನು ಒಂದು ಪಡೆ ಬೇಟೆಯಾಡುತ್ತದೆ, ಇನ್ನೊಂದು ಪಡೆ ಕಾಪಾಡುತ್ತದೆ. ಬೆಂಕಿಯ ನಡುವೆ ಅವಳು ನಡೆದು ಬರುವ ದೃಶ್ಯಕ್ಕೆ ಮೈ ಜುಮ್ಮೆನ್ನುತ್ತದೆ. ಆದರೂ ಸುತ್ತಲಿನವರಿಗೆಲ್ಲ ಬೇಕಿರುವುದು ಒಳಗಿರುವ ಮಗು. ಅವಳಿಗೆ ಏನು ಗೊತ್ತು, ಏನು ಬೇಕು, ಯಾರನ್ನು ಕಂಡರೆ ಇಷ್ಟ ಅಂತ ಕೇಳಲು ಯಾರಿಗೂ ಪುರುಸೊತ್ತಿಲ್ಲ. ಇಂಥ ಕಡೆ ನನ್ನ ಸಹೋದ್ಯೋಗಿಯ ಮಾತಿಗೆ ನನ್ನದೂ ಸಹಿ.

ಆದರೆ ಹೊರಗಿನಿಂದ ಹೇರಿದ ಪ್ರೀತಿ ಬೇರೆ, ತಾನಾಗಿ ಆರಿಸಿಕೊಂಡದ್ದು ಬೇರೆ. ನ್ಯೂಟ್ ರಿಪ್ಲಿಯ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ರೂ ಕ್ಯಾಟ್ನಿಸ್‌ಗೆ ರಕ್ತಸಂಬಂಧಿಯಲ್ಲ. ಅಮ್ಮ ಹದಿನಾರು ದಿನ ಅಡುಗೆ ಮಾಡಿದ ಮನೆಯವರು ನಮ್ಮ ಜಾತಿಯವರೂ ಅಲ್ಲ, ನಮ್ಮ ಭಾಷೆಯವರೂ ಅಲ್ಲ. ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲ ಒಂದೇ ನಲ್ಲಿಯ ಮುಂದೆ ಕೊಡ ಹಿಡಿದು ನಿಲ್ಲುತ್ತಿದ್ದ ಊರು ನಮ್ಮದು. ಮುಳಬಾಗಿಲು ತಾಲ್ಲೂಕಿನ ಆವನಿ ಬೆಟ್ಟದಲ್ಲಿ ಸೀತೆ ಲವಕುಶರನ್ನು ಹೆತ್ತಳು ಅಂತ ನಮ್ಮ ಕಡೆಯವರು ನಂಬುತ್ತಾರೆ. ಮಕ್ಕಳಿಬ್ಬರನ್ನು ಬೆಳೆಸಿ ನಿಲ್ಲಿಸಿದ ಅದೇ ತಾಯಿ, ಇನ್ನೊಮ್ಮೆ ಪರೀಕ್ಷೆ ಕೊಡು ಅಂದಾಗ ಕೊಡಲಿಲ್ಲ, ಭೂಮಿಯೊಳಕ್ಕೆ ಇಳಿದು ಹೋದಳು. ಬೇಡ ಅನ್ನುವ ಶಕ್ತಿಯೂ ಪ್ರೀತಿ ಗೊತ್ತಿದ್ದವಳಲ್ಲೇ ಇತ್ತು. ನಮ್ಮ ಅಜ್ಜಿ ಆ ಬೆಟ್ಟ ಹತ್ತುವಾಗಲೆಲ್ಲ ಸೀತಮ್ಮನಿಗೆ ಎಷ್ಟು ನೋವಾಗಿತ್ತೋ ಅಂತ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ಬೆಟ್ಟ ನೋಡಿದಾಗ ನೋವಿಗಿಂತ ಹೆಚ್ಚಾಗಿ ಅವಳ ನಿರ್ಧಾರ ನೆನಪಾಗುತ್ತದೆ.

ನೂರಿಪ್ಪತ್ತು ವರ್ಷದ ಹಿಂದೆಯೇ ನಮ್ಮ ದೇಶದ ಹೆಂಗಸೊಬ್ಬರು ಇದನ್ನೆಲ್ಲ ಬರೆದಿಟ್ಟಿದ್ದಾರೆ. ಬೇಗಂ ರೊಕೆಯಾ ಅವರ ‘ಸುಲ್ತಾನಾಸ್ ಡ್ರೀಮ್’ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಅಚ್ಚಾದದ್ದು 1905ರಲ್ಲಿ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ವಿದ್ಯುತ್ ತಂದು ಆಗ ಮೂರೇ ವರ್ಷವಾಗಿತ್ತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದೇ 1905ರಲ್ಲಿ. ನಮ್ಮೂರಿನ ಯಂತ್ರಗಳು ಕರೆಂಟಿನಲ್ಲಿ ತಿರುಗಲು ಶುರುವಾದ ಕಾಲದಲ್ಲಿ ಪರದೆಯ ಹಿಂದೆ ಕೂತ ಹೆಂಗಸೊಬ್ಬಳು ಸೂರ್ಯನ ಶಾಖವನ್ನು ಹಿಡಿದಿಡುವ, ಮೋಡದಿಂದ ನೀರಿಳಿಸುವ ಹೆಣ್ಣು ವಿಜ್ಞಾನಿಗಳ ನಾಡನ್ನು ಕಲ್ಪಿಸಿಕೊಂಡಳು. ಆ ನಾಡಿಗೆ ಯುದ್ಧ ಬಂದದ್ದು ಯಾಕೆ ಗೊತ್ತೇ? ಪಕ್ಕದ ರಾಜ್ಯದಿಂದ ಕೆಲವರು ಓಡಿಬಂದು ಆಶ್ರಯ ಕೇಳುತ್ತಾರೆ. ಅವರನ್ನು ಒಪ್ಪಿಸು ಅಂತ ಆ ರಾಜ ಹೇಳಿ ಕಳಿಸಿದಾಗ ರಾಣಿ ಒಪ್ಪುವುದಿಲ್ಲ. ನಂಬಿ ಬಂದವರನ್ನು ಕೈಬಿಡುವುದು ಅವಳಿಂದಾಗದು. ಗಂಡಸರ ಸೈನ್ಯ ಸೋತು ಬಂದ ಮೇಲೆ ಹೆಂಗಸರ ವಿಶ್ವವಿದ್ಯಾಲಯದವರು ಕೂಡಿಟ್ಟ ಬಿಸಿಲನ್ನು ಶತ್ರುಗಳ ಮೇಲೆ ತಿರುಗಿಸುತ್ತಾರೆ. ಆ ನಾಡಿನ ಧರ್ಮ ಪ್ರೀತಿ ಮತ್ತು ಸತ್ಯ. ವಜ್ರಕ್ಕಾಗಿ, ಪರರ ನೆಲಕ್ಕಾಗಿ ಅವರು ಹೊಡೆದಾಡುವುದಿಲ್ಲ. ಚಿನ್ನ ತೆಗೆದ ಊರಿನ ನಾವು ಇದನ್ನು ನಮ್ಮ ಮಕ್ಕಳಿಗೆ ಓದಿ ಹೇಳಬೇಡವೇ? ಹಿಂದಿನ ಶನಿವಾರ ನಾನು ಹೇಳಿದೆ. ಕ್ಲಾಸು ಸದ್ದಿಲ್ಲದೆ ಕೇಳಿತು.

ಕಥೆಯ ಮಾತು ಹಾಗಿರಲಿ, ನಿಜವಾಗಿಯೂ ನಮ್ಮ ಮಣ್ಣಿನಡಿಯಲ್ಲಿ ವಿಜ್ಞಾನ ನಡೆದಿದೆ. 1965ರಲ್ಲಿ ಚಾಂಪಿಯನ್ ರೀಫಿನ ಒಳಗೆ, 2 ಕಿಲೋಮೀಟರಿಗಿಂತ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳನ್ನು ಪತ್ತೆಹಚ್ಚಿದರು. ಆಕಾಶದಿಂದ ಬರುವ ಬೇರೆ ಕಣಗಳ ಗದ್ದಲವನ್ನೆಲ್ಲ ಬಂಡೆ ತಡೆಯುತ್ತದೆ, ನ್ಯೂಟ್ರಿನೊ ಮಾತ್ರ ಅಷ್ಟು ಕಲ್ಲನ್ನೂ ಹಾದು ಬರುತ್ತದೆ. ಕೋಲಾರದ ಪ್ರಯೋಗಗಳಲ್ಲಿ ಪಾಲ್ಗೊಂಡವರಲ್ಲಿ ಬಿಭಾ ಚೌಧುರಿ ಎಂಬ ಭೌತವಿಜ್ಞಾನಿಯೂ ಇದ್ದರು. ಹೆಣ್ಣುಮಕ್ಕಳು ಭೌತವಿಜ್ಞಾನ ಓದುವುದೇ ಅಪರೂಪವಾಗಿದ್ದ ಕಾಲದವರು ಅವರು, 1991ರಲ್ಲಿ ತೀರಿಕೊಂಡರು. 2019ರಲ್ಲಿ ಒಂದು ನಕ್ಷತ್ರಕ್ಕೆ ‘ಬಿಭಾ’ ಎಂದು ಹೆಸರಿಡಲಾಯಿತು. ಹೆಂಗಸರು ಗಣಿಯೊಳಗೆ ಇಳಿಯಬಹುದು ಅಂತ ಸರ್ಕಾರ ಹೇಳಿದ ವರ್ಷವೂ ಅದೇ. ಪ್ರೀತಿ ಅಂದರೆ ಮನುಷ್ಯರ ಮೇಲಿನದು ಮಾತ್ರವೇ? ಕಣ್ಣಿಗೆ ಕಾಣದ ಒಂದು ಕಣಕ್ಕಾಗಿ ಜೀವಮಾನವಿಡೀ ಕಾಯುವುದಕ್ಕೂ ನಾನು ಅದೇ ಹೆಸರು ಕೊಡುತ್ತೇನೆ.

ಇದನ್ನೆಲ್ಲ ಆ ಹುಡುಗಿಗೆ ಒಂದೇ ದಿನ ಹೇಳಲಿಲ್ಲ. ನಿನ್ನ ಕಥೆ ತಪ್ಪು ಅಂತಲೂ ಹೇಳಲಿಲ್ಲ. “ನಿನ್ನ ನಾಯಕಿ ಕೆಳಗೆ ಹೋಗ್ತಾಳಲ್ಲ, ಯಾಕೆ ಹೋಗ್ತಾಳೆ? ಅವಳಿಗೆ ಅಲ್ಲಿ ಏನು ಬೇಕಿದೆ?” ಅಂತ ಮಾತ್ರ ಕೇಳಿದೆ. ಅವಳು ಸುಮ್ಮನಿದ್ದಳು. ಸಂಕ್ರಾಂತಿ ರಜೆ ಮುಗಿಸಿ ಬಂದವಳು ಹೊಸ ನೋಟ್‌ಬುಕ್ಕು ತಂದಳು. ನಂಬರ್ ಹೋಗಿತ್ತು. ನಾಯಕಿಗೆ ಈಗ ಹೆಸರಿದೆ, ಬೆಳಗಿನ ರೈಲಿಗೆ ಹೋಗುವ ಅಮ್ಮ ಇದ್ದಾಳೆ, ಸುರಂಗದಲ್ಲಿ ಸಿಕ್ಕಿಬಿದ್ದ ಗೆಳತಿ ಇದ್ದಾಳೆ. ಹಳೆಯ ಕೇಜನ್ನು ರಿಪೇರಿ ಮಾಡಿ ಅವಳು ಇಳಿಯಬೇಕು. ಅದು ಹೇಗೆ ಇಳಿಯುತ್ತದೆ ಅಂತ ಹುಡುಗಿಗೆ ಗೊತ್ತಿರಲಿಲ್ಲ. ಹಾಗಾಗಿ ತಾತನನ್ನು ಕೇಳಿದ್ದಾಳೆ.

ಅವಳ ತಾತ ಗಣಿ ಮುಚ್ಚಿದ ಮೇಲೆ ಗಣಿಯ ಬಗ್ಗೆ ಮನೆಯಲ್ಲಿ ಬಾಯಿ ಬಿಟ್ಟವರಲ್ಲವಂತೆ. ಮೊಮ್ಮಗಳು ಕೇಳಿದ ಮೊದಲ ದಿನ ಎದ್ದು ಹೊರಗೆ ಹೋದರಂತೆ. ಎರಡನೇ ದಿನ ಊಟದ ತಟ್ಟೆಯ ಅಂಚಿನ ಮೇಲೆ ಚಮಚದಿಂದ ಬಡಿದು ತೋರಿಸಿದರಂತೆ, ಕೆಳಗಿನಿಂದ ಮೇಲಿನವರಿಗೆ ಗಂಟೆ ಹೊಡೆಯುವ ಕ್ರಮವನ್ನು. ಆಮೇಲೆ ರಾತ್ರಿ ಹನ್ನೊಂದರವರೆಗೂ ಮಾತು ನಿಲ್ಲಲಿಲ್ಲವಂತೆ. ಅಮ್ಮನೂ ರೈಲಿನಿಂದ ಬಂದವಳು ಬ್ಯಾಗು ಕೆಳಗಿಡದೆ ಬಾಗಿಲಲ್ಲೇ ನಿಂತು ಕೇಳಿದಳಂತೆ.

“ಕಥೆ ಇನ್ನೂ ಮುಗಿದಿಲ್ಲ ಮಿಸ್, ಅವಳಿನ್ನೂ ಇಳೀತಾ ಇದ್ದಾಳೆ” ಅಂದಳು. ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು, ಬೆರಳ ಗೆಣ್ಣಿನಿಂದ ಮೇಜನ್ನು ತಟ್ಟಿ ತೋರಿಸಿದಳು. ಹೀಗೆ ಹೊಡೆದರೆ ಇಳಿಸು ಅಂತ, ಹೀಗೆ ಹೊಡೆದರೆ ನಿಲ್ಲಿಸು ಅಂತ, ಹೀಗೆ ಹೊಡೆದರೆ ಕೇಜಿನೊಳಗೆ ಜನ ಇದ್ದಾರೆ, ಹುಷಾರು ಅಂತ.